ಹಡಗಿನ ಹೊತ್ತು ಮೊದಲು, ವಿಮಾನದ ಟಿಕೆಟ್ ಆಮೇಲೆ

ಯುರೋಪಿನ ಕ್ರೂಸ್ ಬುಕ್ ಆದ ಕೂಡಲೇ ನಮ್ಮ ಕಡೆಯವರು ಮಾಡುವ ಮೊದಲ ಕೆಲಸವೆಂದರೆ, ಗೋವಾದಿಂದ ಅಗ್ಗವೋ ಬೆಂಗಳೂರಿನಿಂದ ಅಗ್ಗವೋ ಎಂದು ಮೊಬೈಲ್ ಹಿಡಿದು ಕೂರುವುದು. ಮಗನೋ ಮಗಳೋ ಜರ್ಮನಿಯಲ್ಲಿ ಕೆಲಸದಲ್ಲಿದ್ದು, ಶಿರಸಿ ಕುಮಟಾ ಕಡೆಯ ಅಪ್ಪ ಅಮ್ಮನಿಗೆ ಒಂದು ವಾರ ಹಡಗಿನ ತಿರುಗಾಟ ಮಾಡಿಸುವ ಮನೆಗಳು ಈಗ ಅಪರೂಪವಲ್ಲ. ಅಲ್ಲೂ ಶುರುವಾಗುವುದು ವಿಮಾನದ ದರದಿಂದಲೇ. ಕ್ರೂಸಿನ ಲೆಕ್ಕವನ್ನು ಮನೆಯಿಂದ ಹಿಡಿದರೆ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಹಡಗು ಬಂದರು ಬಿಡುವ ಹೊತ್ತನ್ನು ಮೊದಲು ಬರೆದುಕೊಂಡು, ಅಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತ ಬಂದು, ಕೊನೆಗೆ ನಮ್ಮ ಘಟ್ಟದ ರಸ್ತೆಗೆ ಮುಟ್ಟಬೇಕು. ವಿಮಾನ, ವೀಸಾ, ಊರು ಸುತ್ತುವ ದಿನದ ಯೋಜನೆ, ಎಲ್ಲಕ್ಕೂ ಇದೇ ಕ್ರಮ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾರ್ಸಿಲೋನಾದಿಂದ ಭಾನುವಾರ ಸಂಜೆ 6ಕ್ಕೆ ಹೊರಡುವ ಏಳು ರಾತ್ರಿಗಳ ಹಡಗು. ಮಾರ್ಸೇಲ್, ಜಿನೋವಾ, ರೋಮಿನ ಬಂದರಾದ ಚಿವಿತಾವೆಕ್ಕಿಯಾ, ನೇಪಲ್ಸ್, ಮತ್ತೆ ಬಾರ್ಸಿಲೋನಾ. ಮೊದಲ ಸಲ ಹೋಗುವವರಿಗೆ ಈ ತರಹದ ಪಶ್ಚಿಮ ಮೆಡಿಟರೇನಿಯನ್ ಸುತ್ತು ಹದವಾದದ್ದು.

ಟಿಕೆಟ್ಟಿನಲ್ಲಿ 6 ಗಂಟೆ ಎಂದಿದ್ದರೂ ಚೆಕ್-ಇನ್ ಕೌಂಟರ್ ಒಂದು, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ನಿಮ್ಮ ನಿಜವಾದ ಗಡುವು ನಾಲ್ಕೂವರೆ. ಅದಕ್ಕೂ ಮೊದಲು ಆನ್‌ಲೈನ್ ಚೆಕ್-ಇನ್ ಮಾಡುವಾಗ ಹಡಗು ಹತ್ತಲು ಒಂದು ಹೊತ್ತು ಕೊಟ್ಟಿರುತ್ತಾರೆ, ಮಧ್ಯಾಹ್ನ ಹನ್ನೆರಡರಿಂದ ಒಂದು ಎಂಬಂತೆ. ಭಾನುವಾರ ಬೆಳಿಗ್ಗೆ ಬಾರ್ಸಿಲೋನಾಕ್ಕೆ ಇಳಿಯುವ ವಿಮಾನ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನಡುವೆ ಒಂದು ವಿಮಾನ ನಾಲ್ಕು ತಾಸು ತಡವಾಯಿತೋ, ಹಡಗು ಹೋಯಿತು. ಅದನ್ನು ಮುಂದಿನ ಬಂದರಿನಲ್ಲಿ ಹಿಡಿಯುವ ಖರ್ಚು ನಿಮ್ಮದು. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ನೀವು ಸಮಯಕ್ಕೆ ಬಂದು ಬ್ಯಾಗು ಬಾರದಿದ್ದರೆ? ಹೋಟೆಲಿನಲ್ಲಿ ಉಳಿದವರ ಬ್ಯಾಗು ಮರುದಿನ ಹೋಟೆಲಿಗೆ ಬರುತ್ತದೆ. ಹಡಗು ದಿನಕ್ಕೊಂದು ಊರಿನಲ್ಲಿರುತ್ತದೆ, ಬ್ಯಾಗು ಅದರ ಹಿಂದೆ ಓಡಬೇಕು.

ಹಾಗಾಗಿ ಒಂದು ದಿನ ಮೊದಲೇ ತಲುಪಿ ರಾತ್ರಿ ಅಲ್ಲೇ ಉಳಿಯುವುದು ಐಷಾರಾಮವಲ್ಲ. ಮನೆಯಲ್ಲಿ ಇದಕ್ಕೆ ತಕರಾರು ಬಂದೇ ಬರುತ್ತದೆ. “ಒಂದು ರಾತ್ರಿ ಮಲಗಲೆ ಅಷ್ಟು ದುಡ್ಡು ಎಂತಕ್ಕೆ ಕೊಡವು?” ಎಂದು ಈ ಕಡೆಯಿಂದ ಅಪ್ಪ, “ಅಪ್ಪಯ್ಯ, ಹಡಗು ನಮ್ಮ ಕಾಯ್ತಿಲ್ಲೆ” ಎಂದು ಆ ಕಡೆಯಿಂದ ಮಗಳು. ಈ ವಾದದಲ್ಲಿ ಮಗಳ ಮಾತೇ ಸರಿ. ಇಡೀ ಪ್ರವಾಸದಲ್ಲಿ ಎಲ್ಲಿ ಬೇಕಾದರೂ ಹಣ ಉಳಿಸಿ, ಇಲ್ಲೊಂದು ಬೇಡ.

ಹಾಗಾದರೆ ಶನಿವಾರ ಬಾರ್ಸಿಲೋನಾ ಮುಟ್ಟಬೇಕು. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏಳುತ್ತವೆ. ಟಿಕೆಟ್ಟಿನಲ್ಲಿ ‘ಶನಿವಾರ 02:50’ ಎಂದಿದ್ದರೆ ನೀವು ದೇವನಹಳ್ಳಿಯಲ್ಲಿ ಇರಬೇಕಾದದ್ದು ಶುಕ್ರವಾರ ರಾತ್ರಿ ಹನ್ನೊಂದಕ್ಕೆ. ಇದು ಓದಲು ಸುಲಭ, ಎಡವುವುದು ಅದಕ್ಕಿಂತ ಸುಲಭ. ಸೂರ್ಯ ಹುಟ್ಟಿದರೆ ದಿನ ಶುರು ಎಂದು ನಮ್ಮ ಎಣಿಕೆ, ವಿಮಾನದವರಿಗೆ ರಾತ್ರಿ ಹನ್ನೆರಡಕ್ಕೆ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ.; ಗುರುವಾರ ರಾತ್ರಿಯ ಸ್ಲೀಪರ್ ಬಸ್ಸು ಹಿಡಿದರೆ ಶುಕ್ರವಾರ ಇಡೀ ದಿನ ಕೈಯಲ್ಲಿರುತ್ತದೆ. ಭಾನುವಾರದ ಹಡಗಿಗೆ ಗುರುವಾರ ಮನೆ ಬಿಡಬೇಕು ಎಂಬುದು ಹೀಗೆ ಹಿಂದಕ್ಕೆ ಎಣಿಸಿದಾಗ ಮಾತ್ರ ತಿಳಿಯುತ್ತದೆ.

ಇನ್ನು ಮಳೆ. ಮೆಡಿಟರೇನಿಯನ್ ಕ್ರೂಸಿನ ಭರಾಟೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಅಲ್ಲಿ ಬಿರುಬಿಸಿಲಿನ ಜುಲೈ, ಆಗಸ್ಟ್ ಎಂದರೆ ಇಲ್ಲಿ ಆಷಾಢದ ಜಡಿಮಳೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ವಾರಗಟ್ಟಲೆ ಬಂದಾದದ್ದು, ಮುಂದಿನ ತಿಂಗಳೇ ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿದ್ದದ್ದು ಯಾರೂ ಮರೆತಿಲ್ಲ. ಅರಬೈಲ್ ಘಟ್ಟ, ದೇವಿಮನೆ ಘಟ್ಟಗಳ ಸುದ್ದಿ ಪ್ರತಿ ಮಳೆಗಾಲದಲ್ಲೂ ಇರುತ್ತದೆ. ಕಾರವಾರದಿಂದ ಸಂಜೆ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟಿಸುವ ಪಂಚಗಂಗಾ ಎಕ್ಸ್‌ಪ್ರೆಸ್ ಆರಾಮಿನ ಗಾಡಿ, ಆದರೆ ಅದರ ಹಳಿಯೂ ಸುಬ್ರಹ್ಮಣ್ಯ–ಸಕಲೇಶಪುರ ಘಟ್ಟದಲ್ಲೇ ಹಾದು ಹೋಗಬೇಕು. ಕರಾವಳಿಯವರು ಮಳೆಗಾಲದ ಪ್ರವಾಸಕ್ಕೆ ಮೇಲಿನ ಲೆಕ್ಕಕ್ಕೆ ಇನ್ನೊಂದು ದಿನ ಸೇರಿಸಿಕೊಳ್ಳಲೇಬೇಕು. ಶಿರಸಿಯವರು ಈ ವಿಷಯದಲ್ಲಿ ಪುಣ್ಯವಂತರು, ಹಾವೇರಿ ದಾರಿಯಲ್ಲಿ ಘಟ್ಟ ಇಳಿಯುವ ತಾಪತ್ರಯ ಇಲ್ಲ.

ಕಾರವಾರದವರಿಗೆ ಗೋವಾ ಹತ್ತಿರ. ದಾಬೋಲಿಂ ವಿಮಾನ ನಿಲ್ದಾಣ ನೂರು ಕಿ.ಮೀ. ಒಳಗೆ, 2023ರ ಜನವರಿಯಲ್ಲಿ ಶುರುವಾದ ಮೋಪಾ ನಿಲ್ದಾಣ ಗೋವಾದ ಉತ್ತರ ತುದಿಯಲ್ಲಿದ್ದು ಇನ್ನೂ ಮುಂದೆ. ಎರಡೂ ‘ಗೋವಾ’ವೇ ಆದ್ದರಿಂದ ಟಿಕೆಟ್ಟಿನಲ್ಲಿ ಯಾವುದೆಂದು ನೋಡಿಕೊಂಡೇ ಕಾರು ಗೊತ್ತು ಮಾಡಿ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ನೂರು ಕಿ.ಮೀ. ಆಸುಪಾಸು, ಅಲ್ಲಿಂದ ದೇಶದೊಳಗಿನ ವಿಮಾನ ಹಿಡಿದು ದೊಡ್ಡ ಊರಿಗೆ ಹೋಗಿ ಮುಂದೆ ಹಾರಬಹುದು.

ಒಂದೇ ಟಿಕೆಟ್, ಎರಡು ಊರು

ಹುಬ್ಬಳ್ಳಿಯಿಂದ ಒಂದು ಟಿಕೆಟ್, ಮುಂಬಯಿಯಿಂದ ಇನ್ನೊಂದು ಎಂದು ಬಿಡಿಬಿಡಿಯಾಗಿ ತೆಗೆದರೆ ಎರಡು ಮೂರು ಸಾವಿರ ಉಳಿಯಬಹುದು. ಆದರೆ ಮೊದಲ ವಿಮಾನ ತಡವಾದರೆ ಎರಡನೆಯದರವರು ನಿಮ್ಮನ್ನು ಕೇಳುವುದಿಲ್ಲ. ಮನೆಯ ಹತ್ತಿರದ ನಿಲ್ದಾಣದಿಂದ ಬಾರ್ಸಿಲೋನಾವರೆಗೆ ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಇದ್ದರೆ, ನಡುವೆ ತಪ್ಪಿದ ವಿಮಾನಕ್ಕೆ ಬದಲಿ ಕೊಡುವ ಹೊಣೆ ವಿಮಾನ ಸಂಸ್ಥೆಯದು, ಬ್ಯಾಗನ್ನೂ ಅವರೇ ದಾಟಿಸುತ್ತಾರೆ. ಬಿಡಿ ಟಿಕೆಟ್ಟಿನಲ್ಲಿ ದುಬೈಯಂಥ ಕಡೆ ಬದಲಾಯಿಸುವುದಾದರೆ ಇನ್ನೊಂದು ಗಂಟು: ಬ್ಯಾಗನ್ನು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಲು ಹೊರಗೆ ಬರಬೇಕು, ಹೊರಗೆ ಬರಲು ಆ ದೇಶದ ವೀಸಾ ಬೇಕು.

ನಮ್ಮ ಉದಾಹರಣೆಯ ಹಡಗು ಹೊರಟಲ್ಲಿಗೇ ಬರುತ್ತದೆ. ಕೆಲವು ಹಾಗಲ್ಲ, ಬಾರ್ಸಿಲೋನಾದಲ್ಲಿ ಹತ್ತಿಸಿ ರೋಮಿನಲ್ಲಿ ಇಳಿಸುತ್ತವೆ. ಆಗ ಹೋಗಿ ಬರುವ ಸಾದಾ ಟಿಕೆಟ್ ಹುಡುಕಬೇಡಿ. ವಿಮಾನದ ವೆಬ್‌ಸೈಟುಗಳಲ್ಲಿ ‘ಮಲ್ಟಿ ಸಿಟಿ’ ಎಂಬ ಆಯ್ಕೆ ಇರುತ್ತದೆ. ಹೋಗುವುದು ಒಂದು ಊರಿಗೆ, ಮರಳುವುದು ಇನ್ನೊಂದರಿಂದ ಎಂದು ಅಲ್ಲಿ ಹಾಕಿದರೆ, ಎರಡು ಒನ್-ವೇ ಟಿಕೆಟ್ ತೆಗೆಯುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ.

ಊರಿನ ಹೆಸರನ್ನು ನಂಬಬೇಡಿ, ಇದಂತೂ ಮುಖ್ಯ. ‘ವೆನಿಸ್‌ನಿಂದ ಕ್ರೂಸ್’ ಎಂದು ಜಾಹೀರಾತಿನಲ್ಲಿ ಇರುತ್ತದೆ. ಆದರೆ 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳು ವೆನಿಸ್‌ನ ಜುದೆಕ್ಕಾ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ಹಲವು ಹಡಗುಗಳು ರವೆನ್ನಾ ಅಥವಾ ಟ್ರಿಯೆಸ್ಟ್‌ನಿಂದ ಹೊರಡುತ್ತವೆ, ಎರಡೂ ವೆನಿಸ್‌ನಿಂದ ಎರಡು ಗಂಟೆಯ ದಾರಿ. ‘ಪ್ಯಾರಿಸ್’ ಎಂದರೆ ಲ ಆವ್ರ್ ಬಂದರು, ಪ್ಯಾರಿಸ್‌ನಿಂದ ಸುಮಾರು 200 ಕಿ.ಮೀ. ‘ಬರ್ಲಿನ್’ ಎಂದರೆ ಬಾಲ್ಟಿಕ್ ತೀರದ ವಾರ್ನೆಮ್ಯುಂಡೆ. ‘ಲಂಡನ್’ ಬಹಳ ಸಲ ಸೌತಾಂಪ್ಟನ್, ಅಲ್ಲಿಗೆ ಬ್ರಿಟನ್ನಿನ ಬೇರೆ ವೀಸಾ. ಅಗ್ಗದ ವಿಮಾನಗಳವರದೂ ಇದೇ ಚಾಳಿ: ಜಿರೋನಾಕ್ಕೆ ಇಳಿಸಿ ಬಾರ್ಸಿಲೋನಾ ಎನ್ನುತ್ತಾರೆ, ಬೋವೆಗೆ ಇಳಿಸಿ ಪ್ಯಾರಿಸ್ ಎನ್ನುತ್ತಾರೆ. ಬಂದರಿನ ನಿಜವಾದ ಹೆಸರು, ವಿಮಾನ ನಿಲ್ದಾಣದ ನಿಜವಾದ ಹೆಸರು ಎರಡನ್ನೂ ನಕ್ಷೆಯಲ್ಲಿ ಹಾಕಿ ನಡುವಿನ ದೂರ ನೋಡಿದ ಮೇಲೆಯೇ ಹಣ ಕಟ್ಟಿ.

ನಡುವೆ ವಿಮಾನ ಬದಲಾಯಿಸುವ ಸಮಯವನ್ನು ತೀರಾ ಬಿಗಿ ಮಾಡಬೇಡಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಷೆಂಗೆನ್ (ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ದೇಶಗಳ ಗುಂಪು) ಪ್ರವೇಶದ ತಪಾಸಣೆ ಅಲ್ಲೇ ಆಗುತ್ತದೆ, ಬಾರ್ಸಿಲೋನಾದಲ್ಲಲ್ಲ. 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖ, ಬೆರಳಚ್ಚುಗಳನ್ನು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದ್ದು, ಮೊದಲ ಸಲ ಹೋಗುವವರಿಗೆ ಅಲ್ಲಿ ಹೊತ್ತು ಹಿಡಿಯುತ್ತದೆ. ಎರಡೂವರೆ, ಮೂರು ತಾಸು ಅಂತರ ಇರಲಿ. ಯುರೋಪಿನ ವಿಮಾನ ಸಂಸ್ಥೆಯದ್ದೇ ವಿಮಾನವಾದರೆ ಇನ್ನೊಂದು ಅನುಕೂಲ ಉಂಟು. ಅವರ ತಪ್ಪಿನಿಂದ ಬಹಳ ತಡವಾದರೆ, ದೂರದ ಪ್ರಯಾಣಕ್ಕೆ ತಲಾ 600 ಯೂರೋವರೆಗೆ ಪರಿಹಾರ ಕೇಳುವ ಹಕ್ಕು ಐರೋಪ್ಯ ಒಕ್ಕೂಟದ ಕಾನೂನಿನಲ್ಲಿದೆ. ಕೊಲ್ಲಿಯ ಅಥವಾ ನಮ್ಮ ದೇಶದ ವಿಮಾನದಲ್ಲಿ ಹೋಗುವಾಗ ಈ ಹಕ್ಕು ಇಲ್ಲ. ಯುರೋಪಿನಿಂದ ಮರಳುವಾಗ ಯಾವ ವಿಮಾನವಾದರೂ ಇದೆ.

ವೀಸಾ: ದಿನ ಎಣಿಸುವ ಕೆಲಸ

ಹಡಗು ಮೂರು ದೇಶ ಮುಟ್ಟಿದರೂ ಷೆಂಗೆನ್ ವೀಸಾ ಒಂದೇ. ಅರ್ಜಿ ಯಾವ ದೇಶಕ್ಕೆ? ಹೆಚ್ಚು ದಿನ ಕಳೆಯುವ ದೇಶಕ್ಕೆ. ಕ್ರೂಸಿನಲ್ಲಿ ಇದೇ ತೊಡಕು. ನಮ್ಮ ಉದಾಹರಣೆಯಲ್ಲಿ ಜಿನೋವಾ, ಚಿವಿತಾವೆಕ್ಕಿಯಾ, ನೇಪಲ್ಸ್ ಸೇರಿ ಇಟಲಿಗೆ ಮೂರು ದಿನ; ಹತ್ತುವ ದಿನ, ಇಳಿಯುವ ದಿನ ಎಂದು ಸ್ಪೇನಿಗೆ ಎರಡೇ. ಮೊದಲಿನ ಶನಿವಾರ ಬಾರ್ಸಿಲೋನಾದಲ್ಲಿ ಉಳಿದರೆ ಮೂರು ಮೂರು ಸಮ. ಸಮವಾದಾಗ ಅರ್ಜಿ ಕೇಂದ್ರದಲ್ಲಿ ಪ್ರಶ್ನೆ ಏಳುತ್ತದೆ. ಮರಳುವಾಗ ಬಾರ್ಸಿಲೋನಾದಲ್ಲೇ ಇನ್ನೊಂದು ರಾತ್ರಿ ಹೋಟೆಲ್ ಮಾಡಿಬಿಟ್ಟರೆ ಸ್ಪೇನಿನ ತಕ್ಕಡಿ ಭಾರವಾಗುತ್ತದೆ, ಅರ್ಜಿ ಸಲೀಸು. ಹಡಗಿನವರು ಕೊಟ್ಟ, ದಿನ ದಿನದ ಬಂದರು ತೋರಿಸುವ ಪತ್ರವನ್ನು ಕಡ್ಡಾಯವಾಗಿ ಜೊತೆಗಿಡಿ.

ಹಡಗು ಟರ್ಕಿಯ ಕುಶಾದಾಸಿಗೋ ಮಾಂಟೆನೆಗ್ರೋದ ಕೋಟೋರ್‌ಗೋ ಹೋಗಿ ಮತ್ತೆ ಗ್ರೀಸಿಗೋ ಇಟಲಿಗೋ ಬಂದರೆ, ನೀವು ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ಹಡಗು ಹತ್ತಿಸುವುದಿಲ್ಲ. ಅರ್ಜಿಯಲ್ಲಿಯೇ ಮಲ್ಟಿಪಲ್ ಎಂಟ್ರಿ ಕೇಳಬೇಕು. ವೀಸಾ ಬಂದಾಗ ಸ್ಟಿಕ್ಕರ್‌ನಲ್ಲಿ ಪ್ರವೇಶದ ಸಂಖ್ಯೆ ಎಷ್ಟಿದೆ ಎಂದು ಅಲ್ಲೇ ನೋಡಿಕೊಳ್ಳಿ. ಟರ್ಕಿಯಲ್ಲಿ ಇಳಿಯಲು ಏನು ಬೇಕು ಎಂಬುದನ್ನು ಹಡಗಿನ ಕಂಪನಿಯಿಂದ ಇಮೇಲಿನಲ್ಲೇ ತರಿಸಿಕೊಳ್ಳಿ. ಕ್ರೊಯೇಷಿಯಾ ಮಾತ್ರ 2023ರ ಜನವರಿ 1ರಿಂದ ಷೆಂಗೆನ್‌ನೊಳಗೆ ಬಂದಿದೆ, ಡುಬ್ರೋವ್ನಿಕ್‌ಗೆ ಈ ಚಿಂತೆ ಇಲ್ಲ.

ಪ್ರವಾಸಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ. ಶುಲ್ಕ ದೊಡ್ಡವರಿಗೆ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಬೇಸಿಗೆಯ ಹೊತ್ತಿಗೆ ಬೆಂಗಳೂರಿನ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚಿಗೆ ಇರಬೇಕು ಎಂಬುದು ನಿಯಮ. ಅದೇ ಪಾಲಿಸಿಯಲ್ಲಿ ಹಡಗಿನ ಮೇಲಿನ ಚಿಕಿತ್ಸೆ, ಹಡಗು ತಪ್ಪಿದರೆ ಸಿಗುವ ಖರ್ಚು ಸೇರಿದೆಯೋ ಎಂದು ಓದಿ. ಅಗ್ಗದ ಪಾಲಿಸಿಯಲ್ಲಿ ಬಹುಶಃ ಇರುವುದಿಲ್ಲ.

ದಡಕ್ಕೆ ಇಳಿದ ದಿನ

ಹಡಗು ಬಂದರಿನಲ್ಲಿ ಹನ್ನೆರಡು ತಾಸು ನಿಲ್ಲುತ್ತದೆ ಎಂದರೆ ನಿಮಗೆ ಹನ್ನೆರಡು ತಾಸು ಸಿಕ್ಕಿತು ಎಂದಲ್ಲ. ಚಿವಿತಾವೆಕ್ಕಿಯಾವನ್ನೇ ತೆಗೆದುಕೊಳ್ಳಿ. ಹಡಗು ಬೆಳಿಗ್ಗೆ 7ರಿಂದ ಸಂಜೆ 7. ಎಲ್ಲರೂ ಒಳಗಿರಬೇಕಾದ ಹೊತ್ತು ಆರೂವರೆ ಇಲ್ಲವೇ ಆರು. ಬೆಳಿಗ್ಗೆ ಹಡಗಿನಿಂದ ಇಳಿದು, ಬಂದರಿನ ಬಸ್ಸಿನಲ್ಲಿ ಗೇಟಿಗೆ ಬಂದು, ರೈಲು ನಿಲ್ದಾಣ ಸೇರುವಾಗ ಎಂಟೂವರೆ. ಪ್ಯಾಸೆಂಜರ್ ರೈಲಿನಲ್ಲಿ ಸಾನ್ ಪಿಯೆತ್ರೋ ನಿಲ್ದಾಣಕ್ಕೆ ಒಂದು ತಾಸಿನ ಒಳಗೆ. ಅಲ್ಲಿಂದ ವ್ಯಾಟಿಕನ್ ಚೌಕ ನಡೆದೇ ಹೋಗುವಷ್ಟು ಹತ್ತಿರ. ಅಂದರೆ ಹತ್ತಕ್ಕೆ ರೋಮು. ಈಗ ಸಂಜೆಯಿಂದ ಹಿಂದಕ್ಕೆ ಬನ್ನಿ. ಆರಕ್ಕೆ ಹಡಗು, ಒಂದು ರೈಲು ರದ್ದಾದರೂ ಇನ್ನೊಂದು ಹಿಡಿಯುವಂತೆ ಎರಡು ತಾಸಿನ ಮೀಸಲು, ಹಾಗಾಗಿ ನಾಲ್ಕಕ್ಕೆ ಚಿವಿತಾವೆಕ್ಕಿಯಾದಲ್ಲಿ ಇಳಿಯಬೇಕು, ಮೂರಕ್ಕೆ ರೋಮ್ ಬಿಡಬೇಕು. ಕೈಯಲ್ಲಿ ಉಳಿದದ್ದು ಐದೇ ತಾಸು. ವ್ಯಾಟಿಕನ್ ಮ್ಯೂಸಿಯಂ, ಕೊಲೋಸಿಯಂ ಎರಡೂ ಬೇಕು ಎನ್ನುವವರು ಎರಡರ ಹೊರಗಿನ ಸಾಲನ್ನು ಮಾತ್ರ ನೋಡಿ ಬರುತ್ತಾರೆ. ಒಂದನ್ನು ಆರಿಸಿ.

ಆ ರೈಲಿನ ಟಿಕೆಟ್ ಐದು ಯೂರೋ ಆಸುಪಾಸು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಹಡಗಿನವರೇ ಮಾಡಿಸುವ ರೋಮ್ ಪ್ರವಾಸಕ್ಕೆ ಇದರ ಹತ್ತು ಪಟ್ಟಿಗೂ ಹೆಚ್ಚು ಹಣ. ಆದರೆ ಆ ಹಣದಲ್ಲಿ ಒಂದು ಭರವಸೆ ಇದೆ: ಹಡಗಿನವರ ಬಸ್ಸು ದಾರಿಯಲ್ಲಿ ಸಿಕ್ಕಿಬಿದ್ದರೆ ಹಡಗು ಕಾಯುತ್ತದೆ. ನೀವಾಗಿಯೇ ಹೋದರೆ ಕಾಯುವುದಿಲ್ಲ. ನನ್ನ ಮತ ಇಷ್ಟು: ಊರು ಬಂದರಿನಿಂದ ಒಂದು ತಾಸಿನಷ್ಟು ಅಥವಾ ಅದಕ್ಕಿಂತ ದೂರವಿದ್ದರೆ ಮೊದಲ ಸಲದವರು ಹಡಗಿನವರ ಬಸ್ಸೇ ಹತ್ತಲಿ. ರೋಮ್, ಲಿವೋರ್ನೋದಿಂದ ಫ್ಲಾರೆನ್ಸ್, ಲ ಆವ್ರ್‌ನಿಂದ ಪ್ಯಾರಿಸ್, ಇವೆಲ್ಲ ಆ ಪಟ್ಟಿಗೆ. ಊರು ಬಂದರಿನ ಬಾಗಿಲಲ್ಲೇ ಇದ್ದರೆ ಹಡಗಿನವರಿಗೆ ಹಣ ಕೊಡುವುದು ದಂಡ. ಜಿನೋವಾದಲ್ಲಿ ಹಳೆಯ ಬಂದರಿನ ಓಣಿಗಳಿಗೆ ನಡೆದೇ ಹೋಗಬಹುದು. ನೇಪಲ್ಸ್‌ನಲ್ಲಿ ಇಳಿದರೆ ಎದುರಿಗೇ ಕೋಟೆ. ಕೋಟೋರ್‌ನಲ್ಲಿ ರಸ್ತೆ ದಾಟಿದರೆ ಹಳೆಯ ಪಟ್ಟಣದ ಗೋಡೆ. ಮಾರ್ಸೇಲ್ ಮಾತ್ರ ಮೋಸ, ಅಲ್ಲಿ ಕ್ರೂಸ್ ಟರ್ಮಿನಲ್ ಊರಿನ ಹಳೆಯ ಬಂದರಿನಿಂದ ದೂರ, ಬಸ್ಸು ಬೇಕು.

ಕೆಲವು ಕಡೆ ಹಡಗು ದಡಕ್ಕೆ ಬರುವುದೇ ಇಲ್ಲ. ಸ್ಯಾಂಟೊರಿನಿಯಲ್ಲಿ ಅದು ದೂರದಲ್ಲಿ ನಿಲ್ಲುತ್ತದೆ, ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಇದಕ್ಕೆ ಟೆಂಡರ್ ಎನ್ನುತ್ತಾರೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋದವರಿಗೆ ಅಲೆಯ ಮೇಲೆ ದೋಣಿ ಹತ್ತಿ ಇಳಿಯುವ ಆ ತುಯ್ದಾಟ ಗೊತ್ತು, ಮಂಡಿನೋವಿನವರು ಅದನ್ನು ಮೊದಲೇ ಯೋಚಿಸಲಿ. ಹಡಗಿನವರ ಪ್ರವಾಸ ತೆಗೆದುಕೊಂಡವರನ್ನು ಮೊದಲು ಇಳಿಸಿ ಬೇರೆ ಬಂದರಿನಿಂದ ಬಸ್ಸಿನಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಉಳಿದವರು ಹಳೆಯ ಬಂದರಿನಲ್ಲಿ ಇಳಿದು ಕೇಬಲ್ ಕಾರಿನ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಆರುನೂರರ ಹತ್ತಿರದಷ್ಟು ಮೆಟ್ಟಿಲು. ಸಂಜೆ ಇಳಿಯುವಾಗಲೂ ಅದೇ ಸಾಲು, ಎಲ್ಲ ಹಡಗುಗಳ ಜನ ಒಟ್ಟಿಗೆ. ಗಾಳಿ ಜೋರಾಗಿದ್ದರೆ ಕಪ್ತಾನ ಆ ಬಂದರನ್ನೇ ಬಿಟ್ಟು ಹೋಗಬಹುದು. ಅಂಥಲ್ಲಿ ಹಣ ಮರಳದ ಖಾಸಗಿ ಟೂರ್ ಬುಕ್ ಮಾಡಬೇಡಿ.

ಬಂದರಿನ ದಿನ ಯಾವ ವಾರ ಎಂದು ನೋಡಿಕೊಳ್ಳುವುದು ಐದು ನಿಮಿಷದ ಕೆಲಸ, ಆದರೂ ಮರೆಯುತ್ತಾರೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದೊಂದನ್ನು ಬಿಟ್ಟರೆ ಭಾನುವಾರ ಮುಚ್ಚಿರುತ್ತದೆ. ಫ್ಲಾರೆನ್ಸಿನ ಉಫ್ಫಿಜಿ ಮ್ಯೂಸಿಯಂ ಸೋಮವಾರ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ. ಕೊಲೋಸಿಯಂ ಟಿಕೆಟ್ ಹೆಸರು ಹಾಕಿಸಿ ಮೊದಲೇ ತೆಗೆಯಬೇಕು. ನೇಪಲ್ಸ್ ಹತ್ತಿರದ ಪ್ರಾಚೀನ ಪಾಳು ಪಟ್ಟಣ ಪೊಂಪೇಯಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಅಲ್ಲೂ ಹೆಸರಿನ ಟಿಕೆಟ್. ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿಗೂ ಹೊತ್ತು ಗೊತ್ತು ಮಾಡಿಕೊಂಡೇ ಹೋಗುವುದು ಒಳ್ಳೆಯದು. ಹಡಗು ಹತ್ತುವ ಮುನ್ನಿನ ಶನಿವಾರ ಸಂಜೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ದಡಕ್ಕೆ ಇಳಿಯುವಾಗ ಹಡಗಿನ ಕಾರ್ಡು, ಪಾಸ್‌ಪೋರ್ಟಿನ ಝೆರಾಕ್ಸ್, ಆ ದಿನದ ಹಾಳೆಯಲ್ಲಿ ಅಚ್ಚಾದ ಬಂದರು ಏಜೆಂಟನ ಫೋನ್ ನಂಬರು, ಒಂದು ಹೊತ್ತಿನ ಗುಳಿಗೆ ಜೊತೆಗಿರಲಿ. ಗ್ರೀಸ್ ಇಟಲಿಗಿಂತ ಒಂದು ತಾಸು ಮುಂದಿದೆ. ಹಡಗು ತನ್ನ ಗಡಿಯಾರ ಬದಲಾಯಿಸಿದೆಯೋ ಇಲ್ಲವೋ ಎಂಬುದು ಆ ಹಾಳೆಯಲ್ಲಿಯೇ ಇರುತ್ತದೆ. ಮೊಬೈಲ್ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಹಡಗು ಬದಲಿಸಿರದಿದ್ದರೆ ಎರಡಕ್ಕೂ ತಾಳೆ ಇಲ್ಲ. ಒಂದು ಕೈಗಡಿಯಾರವನ್ನು ಹಡಗಿನ ಹೊತ್ತಿಗೇ ಇಟ್ಟುಬಿಡಿ. ಹಡಗು ಸಮುದ್ರದಲ್ಲಿರುವಾಗ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಹಡಗಿನ ನೆಟ್‌ವರ್ಕಿಗೆ ಸಿಕ್ಕಿದ ರೋಮಿಂಗ್ ಬಿಲ್ ದುಬಾರಿ.

ಊಟದ ಮಾತು ಇಲ್ಲದೆ ನಮ್ಮ ಕಡೆಯವರ ಪ್ರವಾಸ ಮುಗಿಯುವುದಿಲ್ಲ. ಸಸ್ಯಾಹಾರ ಬೇಕೆಂದು ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ಮೊದಲ ರಾತ್ರಿ ಹೆಡ್ ವೇಟರ್‌ಗೆ ಇನ್ನೊಮ್ಮೆ ಹೇಳಿದರೆ ಮರುದಿನದಿಂದ ಸಲೀಸು. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವವರು ಗಟ್ಟಿಯಾಗಿ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿಡಿ, ಕೈಚೀಲದಲ್ಲಿ ಬಿಡುವುದಿಲ್ಲ. ತುಪ್ಪ, ಪೇಡೆ ಬೇಡ: ಹೊರದೇಶದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಐರೋಪ್ಯ ಒಕ್ಕೂಟ ಒಳಗೆ ಬಿಡುವುದಿಲ್ಲ. ಕೆಟಲ್, ಇಸ್ತ್ರಿಪೆಟ್ಟಿಗೆ ಹಡಗಿನಲ್ಲಿ ನಿಷಿದ್ಧ. ಪ್ಯಾಕೇಜ್ ದರದ ಮೇಲೆ ದಿನಕ್ಕೆ ತಲಾ ಇಷ್ಟು ಎಂದು ಟಿಪ್ಸ್ ಲೆಕ್ಕ ಹಡಗಿನ ಖಾತೆಗೆ ಬೀಳುತ್ತದೆ, ಏಜೆಂಟರು ಇದನ್ನು ಹೇಳಲು ಮರೆಯುವುದುಂಟು. ಪ್ಯಾಕೇಜಿನ ಮೇಲೆ ಅವರು ಮೊದಲೇ ಹಿಡಿದ ತೆರಿಗೆಯ (ಟಿಸಿಎಸ್) ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಹಡಗು ಹತ್ತುವಾಗ ದೊಡ್ಡ ಬ್ಯಾಗನ್ನು ದಡದಲ್ಲೇ ತೆಗೆದುಕೊಳ್ಳುತ್ತಾರೆ, ಕ್ಯಾಬಿನ್ನಿಗೆ ಬರುವುದು ಸಂಜೆ. ಬಿಪಿ, ಸಕ್ಕರೆಯ ಗುಳಿಗೆ ಕೈಚೀಲದಲ್ಲಿರಲಿ. ಇಳಿಯುವ ಹಿಂದಿನ ರಾತ್ರಿ ಬ್ಯಾಗನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಎಲ್ಲ ಬಟ್ಟೆಯನ್ನೂ ಅದರೊಳಗೆ ತುಂಬಿ ಇಟ್ಟವರು ಬೆಳಿಗ್ಗೆ ಲುಂಗಿಯಲ್ಲೇ ಇಳಿಯಬೇಕಾದೀತು. ಬೆಳಗಿನ ಐದು ಆರಕ್ಕೆ ಹಡಗು ಕಟ್ಟಿದರೂ ಜನ ಇಳಿದು ಮುಗಿಯುವಾಗ ಒಂಬತ್ತು, ಹತ್ತು. ಬಾರ್ಸಿಲೋನಾದಲ್ಲಿ ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ಅದೇ ದಿನ ಮರಳುವವರಿಗೆ ಮಧ್ಯಾಹ್ನ ಒಂದರ ನಂತರದ ಯಾವ ವಿಮಾನವಾದರೂ ಸರಿ. ಚಿವಿತಾವೆಕ್ಕಿಯಾದಲ್ಲಿ ಇಳಿದರೆ ಮೂರರ ನಂತರದ್ದು ನೋಡಿ. ವೀಸಾದ ಲೆಕ್ಕಕ್ಕೆಂದು ಆ ರಾತ್ರಿ ಅಲ್ಲೇ ಉಳಿಯುವುದಾದರೆ ಮರುದಿನದ ಟಿಕೆಟ್ ತೆಗೆಯಿರಿ. ಮರಳುವ ವಿಮಾನಗಳೂ ಬೆಂಗಳೂರಿಗೋ ಗೋವಾಕ್ಕೋ ಅಪರಾತ್ರಿಯಲ್ಲೇ ಬರುವುದು ಹೆಚ್ಚು. ಕರೆಯಲು ಬರುವ ಕಾರಿನವನಿಗೆ ದಿನಾಂಕ ಹೇಳುವಾಗ ‘ಸೋಮವಾರ ರಾತ್ರಿ’ ಎಂದು ಬಾಯಿಮಾತಿನಲ್ಲಿ ಹೇಳದೆ, ಟಿಕೆಟ್ಟಿನ ಫೋಟೋವನ್ನೇ ವಾಟ್ಸಾಪ್ ಮಾಡಿ.